ಮೀನಿಗೂ ಶಾಕವ್ರತ

ಮತ್ತೆ ಅಲ್ಲೇ ಇದೆ, ಮೀನಿನ ತೊಟ್ಟಿಯ ಗಾಜಿಗೆ ದುಂಡು ಬಾಯಿ ಒತ್ತಿಕೊಂಡು, ಬೆಳಗಿನ ಏಳೂವರೆಗೆ, ಈ ಹೊತ್ತಿಗೆ ಇದು ಕಲ್ಲಿನ ಸಂದಿಯಲ್ಲಿ ಅಡಗಿ ಮಲಗಿರಬೇಕು, ಪಾಚಿ ಚೀಪಿ ತಿನ್ನುವ ಸಕ್ಕರ್ ಮೀನಿಗೆ ಹಗಲೆಂದರೆ ನಿದ್ದೆ, ಹಸಿದದ್ದಕ್ಕೆ ಎಲ್ಲಿಯ ನಿದ್ದೆ — ಚಿತ್ರಾ ಜಡೆಯನ್ನು ಅರ್ಧಕ್ಕೆ ಬಿಟ್ಟು ಬಗ್ಗಿ ನೋಡಿದಳು, ಹೊಟ್ಟೆ, ಅಯ್ಯೋ ಆ ಹೊಟ್ಟೆ, ನಿನ್ನೆಗಿಂತ ಒಳಗೆ ಹೋಗಿದೆ, ಹಿಟ್ಟು ಖಾಲಿಯಾದ ಚೀಲದ ಹಾಗೆ, ನಿನ್ನೆ ಸಂಜೆ ಚಮಚಕ್ಕೆ ಕಟ್ಟಿ ಮುಳುಗಿಸಿದ್ದ ಸೌತೆಕಾಯಿ ಬಿಲ್ಲೆ ಎಲ್ಲಿ, ಚಮಚ ಹಿತ್ತಲ ಕಟ್ಟೆಯ ಮೇಲೆ ತೊಳೆದು ಬಿಸಿಲಿಗಿಟ್ಟಿದೆ, ಬಿಲ್ಲೆ ಎದುರುಮನೆ ಹಸುವಿನ ಕಲಗಚ್ಚಿನ ಬಕೆಟ್ಟಿನಲ್ಲಿ, ಮೊನ್ನೆಯದೂ ಅಲ್ಲಿಗೇ ಹೋಗಿತ್ತು, ಅದರ ಹಿಂದಿನದೂ. ಶಾಕವ್ರತ ಅಂದ್ಮೇಲೆ ಶಾಕವ್ರತ ಕಣೇ ಚಿತ್ರಾ, ಒಂದು ತಿಂಗಳು ಈ ಹೊಸಿಲು ದಾಟಿ ಒಂದು ತರಕಾರಿ ಒಳಗೆ ಬರ್ಬಾರ್ದು, ನಮ್ಮತ್ತೆ ಕಾಲದಿಂದ ನಡ್ಕೊಂಡು ಬಂದಿರೋದು. ಅದು ಮೀನು ಅತ್ತೆ, ಅದಕ್ಕೆಲ್ಲಿಯ ವ್ರತ. ಮನೆಯೊಳಗಿರೋ ಜೀವಕ್ಕೆಲ್ಲ ಒಂದೇ ನಿಯಮ, ನಾನೇನು ಅದನ್ನ ಉಪವಾಸ ಕೆಡವಿದೀನಾ, ದಿನಾ ಹೆಸರುಬೇಳೆ ಹಾಕ್ತಾ ಇಲ್ವಾ. ಹಾಕುತ್ತಾರೆ, ಬೇಯಿಸಿ, ಆರಿಸಿ, ಮುದ್ದು ಮಾಡಿ ಹಾಕುತ್ತಾರೆ ಅತ್ತೆ ಸುಂದರಾಬಾಯಿ, ಅರ್ಧ ಬಂಗಾರದ ಮೀನುಗಳ ಪಾಲು, ಉಳಿದರ್ಧ ತಳದಲ್ಲಿ ಕೊಳೆತು ನೀರೆಲ್ಲ ಮಜ್ಜಿಗೆ, ಬೈಯೋಣವೆಂದರೆ ಬೈಯುವ ಹಾಗೂ ಇಲ್ಲ, ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಿತ್ತು. ಮತ್ಸ್ಯಾವತಾರದ ಪಟಕ್ಕೆ ದಿನವೂ ತುಳಸಿ, ಜೀವ ಇರುವ ಮೀನಿಗೆ ಪಥ್ಯ.

ಆ ನರೇಶನನ್ನು ಹಿಡಿದು ನಾಲ್ಕು ಮಾತು ಅನ್ನಬೇಕು, ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ಸಾಕುಮೀನಿನ ಅಂಗಡಿ, ಅವಳು ಕೆಲಸಕ್ಕೆ ಹೋಗುವ ಕಾಲೇಜಿನ ದಾರಿಯಲ್ಲೇ, ತಗೊಳ್ಳಿ ಮೇಡಂ, ಇದಕ್ಕೆ ಏನೂ ಹಾಕೋದೇ ಬೇಡ, ಗಲೀಜು ತಿನ್ಕೊಂಡೇ ಇರುತ್ತೆ, ಏಮೀ ಕಾದು, ಏನೂ ಆಗಲ್ಲ — ಬೆರಳುದ್ದದ್ದು, ಪಾಲಿಥಿನ್ ಚೀಲದಲ್ಲಿ ಮುಳಬಾಗಿಲಿನ ಮನೆಯವರೆಗೂ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು, ಮದುವೆಯಾಗಿ ಆರು ವರ್ಷದಲ್ಲಿ ಈ ಮನೆಗೆ ಅವಳು ಕೇಳಿ ತಂದುಕೊಂಡದ್ದು ಅದೊಂದೇ. ಗಲೀಜು ತಿನ್ನುವುದಕ್ಕೆ ಗಲೀಜಾದರೂ ಇರಬೇಡವೇ, ಗಂಡ ವಂಶಿಕೃಷ್ಣ ಆಡಿಟರ್ ಆಫೀಸಿಗೆ ರಜೆ ಇದ್ದ ಭಾನುವಾರವೆಲ್ಲ ಸ್ಕ್ರಬ್ಬರ್ ಹಿಡಿದು ಕೂತ, ಗಾಜಿನ ಹಸಿರು ಪಾಚಿಯನ್ನೆಲ್ಲ ಕೆರೆದು ತೆಗೆದ, ನೋಡು ಚಿತ್ರಾ ಎಷ್ಟು ಕ್ಲೀನಾಗಿದೆ, ನಿಂಗೊಂದು ಕೆಲ್ಸ ಕಮ್ಮಿ ಆಯ್ತು, ಅದು ಉಜ್ಜಿ ತಿನ್ನಲೆಂದು ಅವಳು ಹುಡುಕಿ ತಂದಿಟ್ಟ ಮರದ ಬೇರನ್ನೂ ಎತ್ತಿ ಎಸೆದ, ನೀರು ಕಾಫಿ ಬಣ್ಣ ಬರ್ತಿತ್ತಲ್ಲ ಅದಕ್ಕೆ. ಎಲ್ಲರೂ ಉಪಕಾರವೇ ಮಾಡಿದ್ದಾರೆ, ಎಲ್ಲರ ಉಪಕಾರವೂ ಸೇರಿ ಆ ಹೊಟ್ಟೆ ಆಗಿದೆ. ಅದಕ್ಕೆಂದೇ ಬರುವ ಹಸಿರು ಗುಳಿಗೆ ಕೊಡಪ್ಪಾ ನರೇಶ ಎಂದರೆ ಸ್ಟಾಕ್ ಇಲ್ಲ ಮೇಡಂ, ಸೋಮವಾರ, ಎಷ್ಟು ಸೋಮವಾರ ಹೋಯಿತು, ಮತ್ತೆ ಅವಳು, ಅವಳೇನು ಮಾಡಿದಳು, ಪ್ರತಿ ಬೆಳಿಗ್ಗೆ ಬಿಲ್ಲೆ ಮಾಯವಾದದ್ದನ್ನು ನೋಡಿ ಹಲ್ಲು ಕಚ್ಚಿಕೊಂಡು ಎಂಟರ ಬಸ್ಸು ಹಿಡಿದಳು, ಹನ್ನೆರಡು ದಿನ, ಮನೆಯಲ್ಲಿ ರಂಪ ಬೇಡ ಅಂತ, ಆ ಬಾಯಿ ಬರೀ ಗಾಜನ್ನು ಚೀಪುತ್ತಿತ್ತು, ದುಂಡಗೆ, ತೆರೆದು ಮುಚ್ಚಿ, ಏನೂ ಇಲ್ಲದ ಗಾಜನ್ನು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಸಾಕು, ಬ್ಯಾಗಿನಲ್ಲಿ ಇನ್ನೊಂದು ಸೌತೆಕಾಯಿ ಇದೆ, ಈಚೆ ತೆಗೆದಳು, ಬಚ್ಚಿಟ್ಟುಕೊಂಡಲ್ಲ, ನಡುಮನೆಯ ನಟ್ಟನಡುವೆ, ಅಡುಗೆಮನೆಯ ಈಳಿಗೆಯನ್ನೇ ತಂದು ಕೂತು ಕತ್ತರಿಸಿದಳು, ಆ ಹಸಿ ವಾಸನೆ ದೇವರ ಮನೆಯವರೆಗೂ ಹೋಗಲಿ, ಹೋಯಿತು, ಅತ್ತೆಯ ಪೂಜೆಯ ಗಂಟೆ ನಿಂತಿತು, ಏನೇ ಅದು ಚಿತ್ರಾ, ವ್ರತದ ಮನೇಲಿ, ಈಳಿಗೆ ಮೈಲಿಗೆ ಆಯ್ತಲ್ಲೇ — ಆಗಲಿ ಅತ್ತೆ, ಪಾಪ ನನಗೇ ಬರಲಿ, ಅದು ಸಾಯ್ತಾ ಇದೆ, ಬಂದು ಅದರ ಹೊಟ್ಟೆ ನೋಡಿ ಆಮೇಲೆ ಹೇಳಿ, ಧ್ವನಿ ಅವಳದ್ದೇ, ಇಷ್ಟು ಜೋರಾಗಿ ಈ ಮನೆಯಲ್ಲಿ ಎಂದೂ ಎದ್ದಿರಲಿಲ್ಲ. ಬಿಲ್ಲೆಗೆ ಹೊಸ ಚಮಚ ಚುಚ್ಚಿ ಬಿಟ್ಟಳು, ಇಳಿಯಿತು, ತಳದಲ್ಲಿ ಕೂತಿತು, ಬಾ ಮರಿ, ಬಾರೋ, ನಿನ್ನ ಊಟ ಬಂತು, ಅತ್ತೆ ಪಕ್ಕಕ್ಕೆ ಬಂದು ನಿಂತಿದ್ದಾರೆ, ಮಡಿಸೀರೆ ಅವಳ ತೋಳಿಗೆ ತಗುಲಿದೆ, ಸರಿದುಕೊಳ್ಳಲಿಲ್ಲ, ಬಗ್ಗಿ ನೋಡಿದರು, ಅಯ್ಯೋ ರಾಮಾ ಇಷ್ಟು ಬತ್ತಿ ಹೋಗಿದ್ಯಾ, ನಂಗೆ ಗೊತ್ತೇ ಆಗ್ಲಿಲ್ವಲ್ಲೇ, ತಿನ್ನುತ್ತಾ ಈಗಲಾದ್ರೂ, ತಿನ್ನುತ್ತೆ ಅತ್ತೆ, ತಿನ್ನುತ್ತೆ — ಹೊರಗೆ ಎಂಟರ ಬಸ್ಸಿನ ಹಾರನ್ನು, ಹೋಗಲಿ ಅದು — ಗಾಜು ಬಿಟ್ಟಿತು ನೋಡಿ, ಬರ್ತಾ ಇದೆ, ಕೆಳಗೆ ಬರ್ತಾ ಇದೆ ನೋಡಿ ಅತ್ತೆ, ಬರುತ್ತಿದೆ, ಬಾಲ ಆಡಿಸದೆ ಬರುತ್ತಿದೆ, ಒರಗಿಕೊಂಡು, ಹೊಟ್ಟೆ ಮೇಲಾಗಿ, ಬಿಲ್ಲೆಯ ಪಕ್ಕದಲ್ಲೇ ಮೆಲ್ಲಗೆ, ಅರ್ಧ ಬೆರಳು, ಅರ್ಧ ಬೆರಳಷ್ಟೇ ದೂರ, ಆ ಬಾಯಿ, ದುಂಡಗೆ ತೆರೆದ ಬಾಯಿ, ಮುಚ್ಚದೆ