ಹಗುರ ಡಬ್ಬಿಯ ದೊಡ್ಡ ಮಾತು

ಬಾವಿಯ ಪಂಪು ಸುಟ್ಟಾಗ ಬರುವ ವಾಸನೆ ಉಮೈರಾಳಿಗೆ ಚಿಕ್ಕಂದಿನಿಂದ ಗೊತ್ತು. ಬೇಸಗೆಯಲ್ಲಿ ಕರೆಂಟು ಸೊರಗಿದಾಗ ಕಾಪುವಿನ ಅವರ ಮನೆಯ ಮೋಟಾರು ಮುಲುಗುತ್ತಿತ್ತು. ಆಮೇಲೆ ಅರಗು ಕರಗಿದಂಥ ಘಾಟು ಅಡುಗೆಮನೆಯವರೆಗೂ ಬರುತ್ತಿತ್ತು. ಉಮ್ಮ ಸಫಿಯಮ್ಮ ಮೂಗು ಮುಚ್ಚಿಕೊಂಡು ಮೈನ್ ಸ್ವಿಚ್ಚಿಗೆ ಓಡುತ್ತಿದ್ದರು.

ಅದೇ ವಾಸನೆ ಈಗ ಉಮೈರಾಳ ಕಂಪ್ಯೂಟರಿನ ಹಿಂದಿನಿಂದ ಸಣ್ಣಗೆ ಬರುತ್ತಿತ್ತು. ಅವಳು ಕಿಟಕಿ ತೆರೆದಳೇ ಹೊರತು ಆಟ ನಿಲ್ಲಿಸಲಿಲ್ಲ. ಹೊಟ್ಟೆಕಿಚ್ಚಿಗೆ ಮೂಗು ಇರುವುದಿಲ್ಲ.

ಕಿಚ್ಚು ಪಕ್ಕದ ಮನೆಯ ಆಂಜೆಲಾಳ ಮೇಲೆ. ಇಬ್ಬರಿಗೂ ಉಡುಪಿಯ ಒಂದೇ ಕಾಲೇಜು, ಒಂದೇ ಬಸ್ಸು, ಕಾರು ರೇಸಿನ ಒಂದೇ ಆಟದ ಹುಚ್ಚು. 2008ರ ಆ ಬೇಸಗೆಯಲ್ಲಿ ಆಂಜೆಲಾ ತನ್ನ ಕಂಪ್ಯೂಟರಿಗೆ, ಚಿತ್ರ ಚೆಂದ ಮೂಡಲೆಂದು, ಗ್ರಾಫಿಕ್ಸ್ ಕಾರ್ಡು ಹಾಕಿಸಿದಳು. ಅವಳ ಪರದೆಯಲ್ಲಿ ಕಾರಿನ ಗಾಜಿನ ಮೇಲೆ ಮಳೆಹನಿ ಜಾರುತ್ತಿತ್ತು. ಉಮೈರಾಳ ಪರದೆಯಲ್ಲಿ ಮಳೆಯೆಂದರೆ ಬರೀ ಬೂದು ಗೆರೆ. "ಚೆಂದ ಉಂಟು" ಎಂದು ಹೇಳಿ ಮನೆಗೆ ಬಂದವಳಿಗೆ ಗಂಜಿ ಸೇರಲಿಲ್ಲ. ದುಬೈಯಲ್ಲಿದ್ದ ಅಣ್ಣ ಇಮ್ತಿಯಾಝ್‌ಗೆ ಫೋನು ಮಾಡಿದಳು: "ಅವಳದ್ದಕ್ಕಿಂತ ದೊಡ್ಡದು ಬೇಕು."

ದೊಡ್ಡದೇ ಬಂತು. ಆಂಜೆಲಾ ಬೇಲಿಯಾಚೆಯಿಂದ ಕೇಳಿದಳು, "ಎಸ್‌ಎಂಪಿಎಸ್ ಯಾವುದು ಮಾರಾಯ್ತಿ? ಹಳೆಯದಾ?" ಗೋಡೆಯ ಕರೆಂಟನ್ನು ಪಳಗಿಸಿ ಕಂಪ್ಯೂಟರಿನ ಒಳಗೆಲ್ಲ ಹಂಚುವ ಡಬ್ಬಿ ಅದು.

"ಕ್ಯಾಬಿನೆಟ್ ಜೊತೆ ಬಂದದ್ದೇ. ನಾನೂರೈವತ್ತು ವಾಟ್ ಅಂತ ಬರೆದಿದ್ದಾರಲ್ಲ, ಇನ್ನೆಂತ ಬೇಕು?"

"ಬರೆದಷ್ಟು ಅದು ಕೊಡುವುದಿಲ್ಲ. ಒಮ್ಮೆ ಲೇಬಲ್ ನೋಡುವನಾ?"

"ನನ್ನದು ದೊಡ್ಡದಾಯಿತು ಅಂತ ನಿನಗೆ ಉರಿ, ಅಲ್ವಾ?"

ಆಂಜೆಲಾ ಒಳಗೆ ಹೋದಳು.

ಸುಟ್ಟ ವಾಸನೆ ಬಂದ ಆ ಶನಿವಾರ ಬೆಳಿಗ್ಗೆ ಆಟದ ನಡುವೆ 'ಟಪ್' ಎಂದಿತು. ಪರದೆ ಕಪ್ಪಾಯಿತು. ಸೋಮವಾರ ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟು ಅದರೊಳಗಿತ್ತು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

"ಆಂಜೆಲಾಳನ್ನು ಕರಿ," ಎಂದರು ಸಫಿಯಮ್ಮ.

"ಬೇಡ ಉಮ್ಮ, ಅವಳು ನಗ್ತಾಳೆ."

"ನಗಲಿ. ನಗುವವರ ಕೈಗೆ ಕೆಲಸ ಬರುವುದಿಲ್ಲವಾ?"

ಆಂಜೆಲಾ ನಗಲಿಲ್ಲ. 'ಹೇಳಿರಲಿಲ್ಲವಾ' ಎಂದೂ ಅನ್ನಲಿಲ್ಲ. ಪ್ಲಗ್ ಕಿತ್ತು, ಸತ್ತ ಎಸ್‌ಎಂಪಿಎಸ್ಸನ್ನು ಹೊರತೆಗೆದು ಉಮೈರಾಳ ಕೈಗಿಟ್ಟಳು. "ಹಪ್ಪಳದ ಹಾಗೆ ಹಗುರ ಉಂಟು ನೋಡು, ಒಳಗೆ ಮಾಲೇ ಇಲ್ಲ. ಆದರೆ ಇದರ ಮುಚ್ಚಳ ಮಾತ್ರ ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ಶಾಕ್ ಹೊಡೀತದೆ."

ಮತ್ತೆ ಲೇಬಲ್ಲಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟಳು. "ಕಾರ್ಡು, ಪ್ರೊಸೆಸರ್ ಎರಡೂ ಕರೆಂಟು ಎಳೆಯುವುದು ಈ ಹನ್ನೆರಡು ವೋಲ್ಟಿನ ಸಾಲಿನಿಂದ. ಹದಿನಾಲ್ಕು ಆಂಪ್ ಅಂತ ಉಂಟು. ಗುಣಿಸು."

"ನೂರ ಅರವತ್ತೆಂಟು ವಾಟ್. ಮತ್ತೆ ಆ ನಾನೂರೈವತ್ತು?"

"ಬಾಯಿಮಾತು! ನಿನ್ನ ದೊಡ್ಡ ಕಾರ್ಡಿಗೆ ಈ ನೂರ ಅರವತ್ತೆಂಟು ಸಾಲುವುದಿಲ್ಲ. ನಾನು ಮೊದಲು ಒಳ್ಳೆಯ ಎಸ್‌ಎಂಪಿಎಸ್ ತಕೊಂಡೆ, ಮಿಕ್ಕಿದ್ದರಲ್ಲಿ ಕಾರ್ಡು. ಅದಕ್ಕೇ ನನ್ನ ಕಾರ್ಡು ಸಣ್ಣದು."

ಉಮೈರಾ ತಲೆ ತಗ್ಗಿಸಿದಳು. ಇಷ್ಟು ದಿನ ಕಾರ್ಡಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ಗೆಳತಿಯ ಬುದ್ಧಿಯ ಮೇಲೂ ಸ್ವಲ್ಪ ಆಯಿತು. ಆದರೂ ಬಾಯಿಬಿಟ್ಟು ಕೇಳಿದಳು: "ಹೊಸತು ತರುವಾಗ ನೀನೂ ಬರ್ತೀಯಾ?"

"ಬರ್ತೇನೆ. ಮೊದಲು ನಿನ್ನ ಹಾರ್ಡ್ ಡಿಸ್ಕ್ ಕೊಡು, ನನ್ನದಕ್ಕೆ ಹಾಕಿ ನೋಡುವ."

ಆಂಜೆಲಾಳ ಮನೆಯಲ್ಲಿ ಹಾಕಿ ನೋಡಿದರೆ, ಪ್ರಾಜೆಕ್ಟು ಇದ್ದ ಹಾರ್ಡ್ ಡಿಸ್ಕ್ ಉಳಿದಿತ್ತು. ಎಲ್ಲರದ್ದೂ ಉಳಿಯುವುದಿಲ್ಲ, ಕಳಪೆ ಎಸ್‌ಎಂಪಿಎಸ್ ಸಾಯುವಾಗ ಜೊತೆಗಿದ್ದವರನ್ನೂ ಕರೆದೊಯ್ಯುವುದುಂಟು. ಆದ್ದರಿಂದ ಇದನ್ನು ಓದುತ್ತಿರುವ ಮಕ್ಕಳೇ, ಅವರ ತಂದೆತಾಯಿಯರೇ, ಹೊಸ ಕಾರ್ಡು ಕೊಳ್ಳುವ ಮುಂಚೆ ಅದರ ಪೆಟ್ಟಿಗೆಯನ್ನು ಓದಿ. ಎಷ್ಟು ವಾಟ್, ಹನ್ನೆರಡು ವೋಲ್ಟಿನಲ್ಲಿ ಎಷ್ಟು ಆಂಪ್ ಬೇಕೆಂದು ನೋಡಿ, ಅದಕ್ಕಿಂತ ತುಸು ಹೆಚ್ಚೇ ಕೊಡುವ, ವಾರಂಟಿ ಇರುವ ಎಸ್‌ಎಂಪಿಎಸ್ ತನ್ನಿ. ಸುಟ್ಟ ವಾಸನೆ ಬಂದರೆ ಕಿಟಕಿ ಆಮೇಲೆ, ಸ್ವಿಚ್ಚು ಮೊದಲು. ತಿಳಿದವರು ಪಕ್ಕದ ಮನೆಯಲ್ಲಿದ್ದರೆ ಕೇಳಲು ನಾಚಬೇಡಿ.

ಪ್ರಾಜೆಕ್ಟು ಪೂರ್ತಿ ಸಿಡಿಗೆ ಇಳಿಯುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು. ಆಂಜೆಲಾ ಇನ್ನೂ ಉಂಡಿರಲಿಲ್ಲ. ಉಮೈರಾ ಮನೆಗೆ ಹೋಗಿ, ತನಗೆಂದು ಉಮ್ಮ ಮುಚ್ಚಿಟ್ಟಿದ್ದ ಅಕ್ಕಿರೊಟ್ಟಿ, ಬಂಗುಡೆ ಸಾರಿನ ತಟ್ಟೆಯನ್ನು ತಂದು ಗೆಳತಿಯ ಕೈಗಿತ್ತಳು.