ಕಾಲು ಮಾತ್ರೆಯ ಅಳತೆ

ಮಳೆಗಾಲವು ತನ್ನ ಕಡೆಯ ಹನಿಗಳನ್ನು ಕಿಟಕಿಯ ಸರಳುಗಳಿಗೆ ಒಪ್ಪಿಸಿ ಹೊರಟುಹೋದ ಮೇಲೆ, ಶರದೃತುವಿನ ಆ ಸೌಮ್ಯ ಪ್ರಭಾತವು ಒದ್ದೆ ಮೆಟ್ಟಿಲುಗಳ ಮೇಲೆ, ಗಡಿಯಾರ ರಿಪೇರಿಯ ಪುಟ್ಟ ಅಂಗಡಿಯ ಗಾಜಿನ ಮೇಲೆ ಕರಗಿದ ಹೊನ್ನಿನಂತೆ ಹರಿಯುತ್ತಿತ್ತು... ಆಹಾ, ಎಂಥ ಬೆಳಕು! ಆದರೆ ಸಹೃದಯರೇ, ಅಂಗಡಿಯ ಮೇಲಿನ ಕೋಣೆಯಲ್ಲಿ ಬಟ್ಟೆ ಹೊಲಿಯುವಾಕೆಗೆ ಬಿಸಿಲು ಪರದೆಯಾಚೆಗಿನ ನೆಂಟ ಮಾತ್ರ. ದೇಹವೇ ದೇಹದ ಮೇಲೆ ಮುನಿಯುವ, ಬಿಸಿಲು ತಾಕಿದರೆ ಕೆರಳುವ ಲೂಪಸ್ ವ್ಯಾಧಿ ಅವಳನ್ನು ಹಿಡಿದು ಹನ್ನೊಂದು ವರ್ಷ. ಸ್ಟೀರಾಯ್ಡ್ ಮಾತ್ರೆ ಅವಳ ಮೂತ್ರಪಿಂಡಗಳನ್ನು ಉಳಿಸಿತು. ಮುಖವನ್ನು ಊದಿಸಿತು, ಮೂಳೆಗಳನ್ನು ಸವೆಸಿತು.

“ಕವಿಗಳು ಚಂದ್ರಮುಖಿ ಅಂದದ್ದು ನಿನ್ನನ್ನೇ ಕಣೇ,” ಎಂದು ಕೆಳಗಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ ನಗಿಸುತ್ತಿದ್ದ.

“ಆ ಕವಿಗಳಿಗೂ ದಿನಾ ಇದನ್ನ ನುಂಗಿಸಿ, ಗೊತ್ತಾಗತ್ತೆ!”

ಈಗ ಐದು ವರ್ಷಗಳಿಂದ ವ್ಯಾಧಿ ನಿವಾತಸರೋವರದಂತೆ ನಿಶ್ಚಲ. ವೈದ್ಯೆ ಹೇಳಿದ್ದರು: “ಒಮ್ಮೆಲೇ ಬಿಡಬೇಡಿ ಅಮ್ಮಾ. ಕಾಲು ಕಾಲು ಇಳಿಸ್ತಾ ಸ್ಟೀರಾಯ್ಡ್ ನಿಲ್ಲಿಸೋಣ, ಬೇರೆ ಮಾತ್ರೆ ಇರಲಿ. ಕಾಯಿಲೆ ಮರಳಬಹುದು, ಆದರೆ ಮೂಳೆಯೂ ಉಳೀಬೇಕಲ್ಲ?”

ಕಣ್ಣಿಗೆ ಮಸೂರವಿಟ್ಟು, ಬ್ಲೇಡು ಹಿಡಿದು ಮಾತ್ರೆ ಕತ್ತರಿಸುವ ಕೆಲಸ ಗಂಡನದಾಯಿತು. ಮುಕ್ಕಾಲಾಯಿತು, ಅರ್ಧವಾಯಿತು, ಕಾಲು ಮಾತ್ರೆಯ ತಿಂಗಳು ಬಂತು. ಒಂದು ಮುಂಜಾನೆ ಅವಳು ಅಂಗೈಗೆ ಬಂದ ತುಣುಕನ್ನು ಹೊಲಿಗೆಯಂತ್ರದ ದೀಪಕ್ಕೆ ಹಿಡಿದಳು.

“ರೀ, ಇದು ಕಾಲಲ್ಲ. ಅರ್ಧಕ್ಕೇ ಹತ್ತಿರ.”

“ಕೈ ತಪ್ಪಿರಬೇಕು...”

“ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋ ಕೈ ತಪ್ಪತ್ತಾ? ನಾನೂ ಅಳತೆ ಹಿಡಿದು ಬದುಕೋಳೇ ರೀ.”

ಅವನ ತಲೆ ಬಾಗಿತು. “ಮತ್ತೆ ನಿನ್ನನ್ನ ಆಸ್ಪತ್ರೆಯ ಮಂಚದ ಮೇಲೆ ನೋಡೋ ಶಕ್ತಿ ನನಗಿಲ್ಲ ಕಣೇ...”

“ಕಾಯಿಲೆ ನನಗೆ, ಹೆದರಿಕೆ ನಿಮಗೆ! ಚೆನ್ನಾಗಿದೆ ಪಾಲು! ಡಾಕ್ಟರಿಗೆ ಇವತ್ತೇ ನಿಜ ಹೇಳೋಣ. ಇನ್ಮೇಲೆ ನಾನೇ ಕತ್ತರಿಸ್ತೀನಿ.”

ಕತ್ತರಿಸಿದಳು. ಬೆರಳಗಂಟು ನೊಂದ ದಿನವೂ ಮುಚ್ಚಿಡದೆ ಹೇಳಿದಳು, ಪರೀಕ್ಷೆಗೆ ರಕ್ತ ಕೊಟ್ಟಳು, ಕಾದಳು. ಒಂದು ದಿನ ಆ ಕಾಲು ಮಾತ್ರೆಯೂ ಇಲ್ಲವಾಯಿತು! ಆರು ತಿಂಗಳ ತರುವಾಯ ವೈದ್ಯೆ ವರದಿ ಓದಿ, “ಎಲ್ಲ ಶಾಂತವಾಗಿದೆ, ಆದರೂ ತಪಾಸಣೆ ತಪ್ಪಿಸಬೇಡಿ,” ಎಂದಾಗ ಗಂಡ ಎದ್ದು ನಿಂತು ಹೆಂಡತಿಗೆ ಕೈಮುಗಿದ.

“ಅಯ್ಯೋ, ನನಗ್ಯಾಕ್ರೀ? ಡಾಕ್ಟರು ಆ ಕಡೆ ಇದಾರೆ!”

ಅವನು ತಿರುಗಲಿಲ್ಲ...

ಪ್ರಿಯರಿಗಾಗಿ ಹೆದರದ ಹೃದಯವುಂಟೇ? ಹೆದರುತ್ತಲೇ ಅವರ ಧೈರ್ಯಕ್ಕೆ ತಲೆಬಾಗಿ, ಒಂದು ಹೆಜ್ಜೆ ಹಿಂದೆ ನಡೆಯಲು ಕಲಿತ ಅನುರಾಗವೇ ಇಹದ ಪರಮ ವಿನಯ!