ಮೂರನೆಯ ಡಿಸ್ಕು

ಮೇಲಿನಿಂದ ಮೂರನೆಯದರ ದೀಪ, ಹಳದಿ, ಹೌದು ಹಳದಿಯೇ — ಹೆದರಿದವರ ಮೇಲೆ ಹಾವು ಎಸೆದ ಹಾಗೆ ಯಂತ್ರ ಕೂಗುತ್ತಲೇ ಇದೆ, ಒಂದು ಡಿಸ್ಕು ಸತ್ತಿದೆ, ಸಾಯಲಿಕ್ಕೆ ಇವತ್ತೇ ಬೇಕಿತ್ತೇ, ಗೋಡೆಯಾಚೆ ಆಪರೇಷನ್ ಕೋಣೆಯಲ್ಲಿ ನಾಗವ್ವ ಬೋರಲು ಮಲಗಿದ್ದಾಳೆ, ಬೆನ್ನು ಕೊಯ್ದಾಗಿದೆ, ಡಾಕ್ಟರು ನೋಡಿ ನೋಡಿ ಕತ್ತರಿಸುವ ಸ್ಕ್ಯಾನಿನ ಚಿತ್ರ ಈ ಮುದಿ ಸರ್ವರಿನ ಹೊಟ್ಟೆಯಿಂದಲೇ ಹೋಗಬೇಕು, ಇದನ್ನು ನೋಡಿಕೊಳ್ಳುವ ದಿಲ್ಶಾದ ಹೊಸ ಡಿಸ್ಕು ಹಿಡಿದು ನಿಂತಿದ್ದಾಳೆ. ಯಾರೋ ಬಿಸಾಕಿದ ಈ ಯಂತ್ರ ಶಿಗ್ಗಾವಿಯ ಆಸ್ಪತ್ರೆಗೆ ಬಂದ ದಿನ ಎಲ್ಲರೂ ನಕ್ಕಿದ್ದರು, ಜೋಡಿಸಲು ಬಂದ ಮಹಾಂತೇಶ ನಗಲಿಲ್ಲ, ಇದನ್ನ ಮಾಡಿದವ್ರು ಶಾಣ್ಯಾರ್ರಿ ಮೇಡಂ, ಆರರಾಗ ಒಂದು ಸತ್ರ ಐದು ಹೆಗಲ ಕೊಡ್ತಾವ, ಇನ್ನೊಂದು ಹೋತಂದ್ರ ಮಾತ್ರ ಎಲ್ಲಾ ಮುಗೀತು, ಬಂದ್ ಮಾಡೂದು ಬ್ಯಾಡ, ನಡ್ಯಾಕತ್ತಾಗನ ಎಳದು ಹೊಸಾದು ಹಾಕ್ರಿ, ಹಳದಿ ಹತ್ತಿದ್ದು ಅಷ್ಟ ಎಳೀರಿ, ಹಸರಗ ಕೈ ಹಚ್ಚಬ್ಯಾಡ್ರಿ. ಆಪರೇಷನ್ ಮುಗಿಯಲಿ, ಆಮೇಲೆ ಎಳೆದರಾಯಿತು, ಆದರೆ ಅಷ್ಟರಲ್ಲಿ ಇನ್ನೊಂದು ಬಿದ್ದರೆ, ಚಾಕು ಬೆನ್ನಲ್ಲಿರುವಾಗಲೇ ಚಿತ್ರ ಹೋದರೆ — ಹೆದರಿಕೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು.

ಮೊನ್ನೆ ಆಯುಧ ಪೂಜಿಸುವ ಖಂಡೇಪೂಜೆಗೆ ಅದೇ ನೋಯುವ ಬೆನ್ನು ಹಿಡಿದುಕೊಂಡು ನಾಗವ್ವ ಕಸ ಹೊಡೆದು ಇದರ ಮುಂದೆ ಕುಂತಿದ್ದಳು, ಕುಡಗೋಲಿಗೆ ಹಚ್ತೇವಿ, ನಮ್ಮನ್ನ ಕಾಯೂ ಇದಕ್ಕ ಬ್ಯಾಡೇನ ಯವ್ವಾ, ಒಂದೊಂದು ಡಿಸ್ಕಿನ ಮೂತಿಗೂ ಅರಿಶಿನ, ಮೇಲೆ ಕುಂಕುಮ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ಜಾರಿ ಕುಂಕುಮ ದೀಪವನ್ನೇ ಮುಚ್ಚಿತ್ತು, ದಿಲ್ಶಾದ ನಕ್ಕಿದ್ದಳು, ಅಷ್ಟು ಪ್ರೀತಿಯಿಂದ ಹಚ್ಚುವವಳಿಗೆ ಬೇಡವೆನ್ನುವುದು ಹೇಗೆ. ಈಗ ಯಾ ಅಲ್ಲಾ ಎಂದು ಡಿಸ್ಕಿನ ಹಿಡಿ ಒತ್ತಿದಳು, ಮೂರನೆಯದು ಕಟಕ್ಕೆಂದು ಹೊರಗೆ ಬಂತು, ಕೈಗೆ ಬಿಸಿ ಬಿಸಿ, ಸತ್ತದ್ದು ಇಷ್ಟು ಬಿಸಿ ಇರುತ್ತದೆಯೇ, ಒಳಗೆ ಏನೋ ಇನ್ನೂ ಗಿರಗಿರ ತಿರುಗುತ್ತಿದೆ — ಹೆಬ್ಬೆರಳು ನೋಡಿದಳು, ಹಳದಿ, ಬೆರಳೂ ಹಳದಿ, ಹಾಗಾದರೆ ಆ ದೀಪ ಹಸಿರೇ ಇತ್ತು, ನಾಗವ್ವನ ಅರಿಶಿನ ದೀಪಕ್ಕೂ ಮೆತ್ತಿ ಹಳದಿ ಕಂಡಿತ್ತು. ತಿರುಗಿ ಒಳಗೆ ತಳ್ಳಿದಳು, ಯಂತ್ರ ಅದನ್ನು ಗುರುತಿಸಲಿಲ್ಲ, ಫೋನು ಹೊಡೆದುಕೊಳ್ಳುತ್ತಿದೆ, ಎತ್ತಿದರೆ ಆಪರೇಷನ್ ಕೋಣೆಯ ಫಾರೂಕ, ಅಕ್ಕಾ ಚಿತ್ರ ಹೋತು, ಡಾಕ್ಟರ್ ಕೈ ನಿಂದ್ರಿಸ್ಯಾರ, ರಕ್ತ ನಿಲ್ಲವಲ್ದು, ಲಗೂ ಏನರ ಮಾಡ್ರಿ, ಅಕ್ಕಾ, ಕೇಳಸಾಕತ್ತೈತಿಲ್ರಿ, ಕೇಳಿಸುತ್ತಿದೆ, ಉಗುರು ತಾನಾಗಿಯೇ ನಾಲ್ಕನೆಯದರ ಕುಂಕುಮ ಕೆರೆಯುತ್ತಿದೆ, ಒಣಗಿದ ಕೆಂಪು ಪುಡಿಪುಡಿಯಾಗಿ ಉದುರುತ್ತಿದೆ, ಅದರಡಿಯಲ್ಲಿ ಉರಿಯುವ ದೀಪ ಹಳದಿ, ಅರಿಶಿನ ಒರೆಸಿದರೂ ಹಳದಿ, ಹಳದಿ —